ಬಿರುಕಿಗೆ ಹಚ್ಚಿದ ಗಾಜು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಕನ್ನಡ ಸಾಲೆಯ ಗುರುಪಾದಪ್ಪ ಮಾಸ್ತರರು. ಅವರು ಇದನ್ನು ಮಠದ ಸ್ವಾಮಿಗಳಾದ ಅಜ್ಜನವರ ಬಾಯಿಂದಲೇ ಕೇಳಿದ್ದರು. ನಾನು ಕೇಳಿದ ಹಾಗೆ ಬರೆಯುತ್ತಿದ್ದೇನೆ.

ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹುಡುಗನೊಬ್ಬನಿದ್ದ. ಶಿವಪುತ್ರ ಎಂದು ಹೆಸರು. ಭೌತವಿಜ್ಞಾನ ಕಲಿತು ಸಂಶೋಧನೆಯಲ್ಲಿ ತೊಡಗಿದ್ದ. ಒಂದು ಸೋಮವಾರ ಮಠಕ್ಕೆ ಬಂದು, ಅಜ್ಜನವರ ಪಾದ ಮುಟ್ಟಿ, ಎದುರಿಗೆ ಕುಳಿತು ಕೇಳಿದ:

"ಅಜ್ಜಾರೆ, ಮುಂಬಯಿಯ ದೊಡ್ಡ ಬ್ಯಾಂಕಿನವರು ನನ್ನನ್ನು ಕರೆದಿದ್ದಾರೆ. ನನ್ನ ಗಣಿತ ಅವರಿಗೆ ಬೇಕಂತೆ. ತಿಳಿದವನ ಕೈಗೆ ಹಣ ಬಂದರೆ ಒಳ್ಳೆಯದೇ ಅಲ್ಲವೆ? ನಾಲ್ಕು ಜನಕ್ಕೆ ಅನ್ನವಾಗುತ್ತದೆ, ಮಠಕ್ಕೂ ನೆರವಾಗುತ್ತದೆ. ಹೋಗುವುದರಲ್ಲಿ ದೋಷವಿಲ್ಲ ತಾನೆ?"

ಅಜ್ಜನವರು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಪಕ್ಕಕ್ಕಿಟ್ಟರು. "ಅವಸರವಿಲ್ಲದಿದ್ದರೆ ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಪ್ರಯೋಗಶಾಲೆಯಲ್ಲಿ ಇಬ್ಬರು ವಿಜ್ಞಾನಿಗಳಿದ್ದರು. ಅತಿ ಸಣ್ಣ ಅಲುಗಾಟಗಳನ್ನು ಅಳೆಯುವುದು ಅವರ ಕೆಲಸ. ಉಪಕರಣದ ಮುಳ್ಳು ಕೂದಲೆಳೆಯಷ್ಟು ಸರಿದರೂ ಅವರಿಗೆ ಅದು ದೊಡ್ಡ ಸುದ್ದಿ.

ಅವರಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬನು ಹೋಗಿ ಮುಳ್ಳು ನೋಡುವನು. ಕಂಡದ್ದನ್ನು ಅಂಗೈಯಲ್ಲಿ ಬರೆದುಕೊಂಡು ಮುಷ್ಟಿ ಹಿಡಿದು ಹೊರಗೆ ಬರುವನು. ಆಮೇಲೆ ಇನ್ನೊಬ್ಬನು ಹೋಗಿ ಹಾಗೆಯೇ ಮಾಡುವನು. ಬಳಿಕ ಇಬ್ಬರೂ ಎದುರುಬದುರು ನಿಂತು ಒಟ್ಟಿಗೆ ಮುಷ್ಟಿ ಬಿಚ್ಚುವರು. ಅಲ್ಲಿಯ ತನಕ ಮಾತಿಲ್ಲ. ಏಕೆಂದರೆ ಮೊದಲು ನೋಡಿದವನು ಬಾಯಿ ಬಿಟ್ಟರೆ ಎರಡನೆಯವನ ಕಣ್ಣಿಗೂ ಅದೇ ಕಾಣುತ್ತದೆ. ಸುಳ್ಳು ಹೇಳುವ ಮನಸ್ಸಿಲ್ಲದಿದ್ದರೂ ಕಾಣುತ್ತದೆ.

ಉಪಕರಣ ಹಳತಾಯಿತು. ಹೊಸದಕ್ಕೆ ಹಣವಿರಲಿಲ್ಲ. ಆ ಸಮಯಕ್ಕೆ ಪೇಟೆಯ ದೊಡ್ಡ ವ್ಯಾಪಾರಿಯೊಬ್ಬ ಅಲ್ಲಿಗೆ ಬಂದ. "ನಿಮ್ಮ ಲೆಕ್ಕ ಮುಳ್ಳಿನ ಏರಿಳಿತಕ್ಕೆ ಮಾತ್ರವೋ, ಪೇಟೆಯ ಏರಿಳಿತಕ್ಕೂ ಬರುತ್ತದೆಯೋ?" ಎಂದು ಕೇಳಿದ. ಇಬ್ಬರಲ್ಲಿ ಒಬ್ಬನು ಲೆಕ್ಕ ಹಾಕಿ ನೋಡಿದ. ಲೆಕ್ಕ ಬಂತು.

ಅವನು ಗೆಳೆಯನಿಗೆ ಹೇಳಿದ, "ಒಂದು ವರ್ಷ ಪೇಟೆಯ ಕೆಲಸಕ್ಕೆ ಹೋಗಿ ಬರುತ್ತೇನೆ. ಬರುವಾಗ ಉಪಕರಣದೊಂದಿಗೆ ಬರುತ್ತೇನೆ."

ಉಪಕರಣ ಬಂತು. ಅವನು ಬರಲಿಲ್ಲ.

ಅವನು ಕೆಟ್ಟವನಾದ ಎಂದು ತಿಳಿಯಬೇಡ. ಅವನು ಸ್ವಂತ ಬ್ಯಾಂಕು ಕಟ್ಟಿದ. ಯಾರ ಠೇವಣಿಯನ್ನೂ ಮುಳುಗಿಸಲಿಲ್ಲ. ಜನರಿಗೆ ನಿಜ ತಿಳಿಯಲಿ ಎಂದು ಪತ್ರಿಕೆಯೊಂದನ್ನು ಕೊಂಡ. ಓದಲು ಬಾರದವರಿಗೂ ತಿಳಿಯಲಿ ಎಂದು ಟಿವಿ ಚಾನೆಲ್ಲು ತೆರೆದ. ಸುಳ್ಳನ್ನು ಅಚ್ಚು ಹಾಕಬೇಡಿ ಎಂದು ಕಟ್ಟಪ್ಪಣೆ ಮಾಡಿದ್ದ; ಅವನ ಜನ ತಿಳಿದೂ ತಿಳಿದೂ ಸುಳ್ಳು ಹಾಕಲಿಲ್ಲ. ಆದರೆ ಯಾವ ಸಭೆಗೆ ಹೋದರೂ ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಅವನಿಗೂ ಕಾಯಲು ಹೊತ್ತಿರಲಿಲ್ಲ. ತನಗೆ ಕಂಡದ್ದನ್ನು ತಾನೇ ಮೊದಲು ಹೇಳಿಬಿಡುತ್ತಿದ್ದ. ಉಳಿದವರಿಗೂ ಹಾಗೆಯೇ ಕಾಣುತ್ತಿತ್ತು.

ಅವನು ತಾಯಿಯ ಹೆಸರಿನಲ್ಲಿ ಬಡ ಮಕ್ಕಳಿಗೆ ಒಂದು ವಸತಿನಿಲಯ ಕಟ್ಟಿಸಿದ್ದ. ಹೊಳೆಯ ದಂಡೆಯ ಮೇಲೆ, ಮೂರು ಅಂತಸ್ತು. ಕೆಲವು ವರ್ಷಗಳ ಮೇಲೆ ಹೊಳೆಯ ಕಡೆಯ ಗೋಡೆಯಲ್ಲಿ ಬಿರುಕು ಕಂಡಿತು. ಊರವರು ಮಾತಾಡಿಕೊಂಡರು. ಅವನೇ ಬಂದು ನೋಡಿ, ಬೆರಳಾಡಿಸಿ, "ಇದು ಮೇಲಿನ ಗಿಲಾವಿನ ಬಿರುಕು, ಒಳಗಿನ ಗೋಡೆ ಗಟ್ಟಿಯಾಗಿದೆ" ಎಂದ. ಮರುದಿನ ಪತ್ರಿಕೆ ಅದನ್ನೇ ಬರೆಯಿತು. ಆಮೇಲೆ ಬಂದ ಎಂಜಿನಿಯರನೂ ಅದನ್ನೇ ಹೇಳಿದ.

ಆದರೂ ಅವನು ಹುಟ್ಟಾ ಅಳೆಯುವವನು. ಬಿರುಕಿಗೆ ಅಡ್ಡವಾಗಿ ತೆಳ್ಳನೆಯ ಗಾಜಿನ ಪಟ್ಟಿಯೊಂದನ್ನು ಇರಿಸಿ, ಎರಡೂ ತುದಿಗೆ ಸಿಮೆಂಟು ಹಚ್ಚಿಸಿದ. ಗೋಡೆ ಸ್ವಲ್ಪ ಸರಿದರೂ ಗಾಜು ಒಡೆಯಬೇಕು. "ಒಡೆಯುವುದಿಲ್ಲ, ಆದರೂ ಕಣ್ಣಿಟ್ಟಿರಿ" ಎಂದು ನಿಲಯದ ಮೇಲ್ವಿಚಾರಕನಿಗೆ ಹೇಳಿದ. ಮುಂದೆ ಬಂದಾಗಲೆಲ್ಲ ಗಾಜು ಇಡಿಯಾಗಿತ್ತು. ನೋಡಿ ಸಮಾಧಾನದಿಂದ ಹೋಗುತ್ತಿದ್ದ.

ಒಂದು ಸಲ ಬಂದಾಗ ಆ ಗೋಡೆಯ ಪಕ್ಕದ ಕೋಣೆಯ ಬಾಗಿಲು ಚೌಕಟ್ಟಿಗೆ ಕೂಡಲಿಲ್ಲ. ಎಳೆದ, ಕೂಡಲಿಲ್ಲ. "ಕಟ್ಟಿಗೆ ಉಬ್ಬಿದೆ" ಎಂದರು ಜೊತೆಗಿದ್ದವರು. ಅದು ಸುಡುಬೇಸಿಗೆ. ಮಳೆಗಾಲದಲ್ಲಿ ಉಬ್ಬುವ ಕಟ್ಟಿಗೆ ಬೇಸಿಗೆಯಲ್ಲಿ ಏಕೆ ಉಬ್ಬಿತು ಎಂದು ಅವನು ಯೋಚಿಸಿದ. ಅಂದಿನಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಆ ಗೋಡೆಯ ಬುಡದಲ್ಲಿ ಮಕ್ಕಳು ಮಲಗುತ್ತಿದ್ದರು. ಎಂಜಿನಿಯರನನ್ನು ಕೇಳಿದ, ಸಂಪಾದಕನನ್ನು ಕೇಳಿದ. ಗೋಡೆ ಗಟ್ಟಿಯಾಗಿದೆ ಎಂದರು ಎಲ್ಲರೂ. ಕೇಳಿದಷ್ಟೂ ಅವನಿಗೆ ಭಯ ಹೆಚ್ಚಿತು. ಕಡೆಗೆ ಹಳೆಯ ಗೆಳೆಯನನ್ನು ಹುಡುಕಿಕೊಂಡು ಹೋದ.

ಗೆಳೆಯ ಆ ಪ್ರಯೋಗಶಾಲೆಯಲ್ಲೇ ಮುದುಕನಾಗಿದ್ದ. "ಬಾ ಸಾಹುಕಾರ" ಎಂದು ಮೊಳೆ ಸಡಿಲಾದ ಸ್ಟೂಲು ತೋರಿಸಿದ. "ಹುಷಾರಿಯಿಂದ ಕೂಡು, ಅದೂ ಗಟ್ಟಿಯಾಗಿದೆ. ನಿನ್ನ ಪತ್ರಿಕೆ ಓದಿದ್ದೇನೆ. ಗೋಡೆಗೆ ಏನೂ ಆಗಿಲ್ಲ ಎಂದು ಬರೆದಿತ್ತಲ್ಲ, ಮತ್ತೆ ಇಲ್ಲಿಗೇಕೆ ಬಂದೆ?"

"ಹಾಗೆಂದು ಮೊದಲು ಹೇಳಿದವನು ನಾನೇ. ಅದಕ್ಕೇ ಬಂದೆ."

ಗೆಳೆಯ ಮತ್ತೆ ಹಾಸ್ಯ ಮಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟ.

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ನಿಲಯಕ್ಕೆ ಬಂದ ಮೇಲೆ ಹಳೆಯ ಕಟ್ಟುಪಾಡಿನಂತೆ ಒಬ್ಬೊಬ್ಬರಾಗಿ ಹೋಗಿ ಬಿರುಕನ್ನೂ ಅದಕ್ಕೆ ಹಚ್ಚಿದ ಗಾಜನ್ನೂ ನೋಡಿದರು. ಅಂಗೈಯಲ್ಲಿ ಬರೆದುಕೊಂಡು ಅಂಗಳಕ್ಕೆ ಬಂದು ಎದುರುಬದುರು ನಿಂತು ಮುಷ್ಟಿ ಬಿಚ್ಚಿದರು.

ಸಾಹುಕಾರನ ಅಂಗೈಯಲ್ಲಿ 'ಒಡೆದಿಲ್ಲ' ಎಂದಿತ್ತು. ಗೆಳೆಯನ ಅಂಗೈಯಲ್ಲಿ 'ಹೊಸದು' ಎಂದಿತ್ತು.

ಸಾಹುಕಾರ ಹಿಂತಿರುಗಿ ಹೋಗಿ ನೋಡಿದ. ಗೋಡೆಯ ಮೇಲೆ ವರ್ಷಗಳ ಧೂಳು ಕೂತಿತ್ತು. ಗಾಜಿನ ಮೇಲೆ ಧೂಳಿರಲಿಲ್ಲ. ಅದರ ತುದಿಗಳಲ್ಲಿ ಸಿಮೆಂಟು ಪದರ ಪದರವಾಗಿತ್ತು. ಇಷ್ಟು ಸಲ ಬಂದವನಿಗೆ ಇದು ಕಂಡಿರಲಿಲ್ಲ.

ಮೇಲ್ವಿಚಾರಕನನ್ನು ಕರೆಸಿದ. ಅವನು ದೇವರಿಗೆ ಅಂಜಿ ನಡೆಯುವ ಮನುಷ್ಯ. ಮಕ್ಕಳನ್ನು ತನ್ನ ಮಕ್ಕಳಂತೆ ನೋಡಿಕೊಂಡವನು. ಕೇಳಿದ್ದಕ್ಕೆ ಏನನ್ನೂ ಮುಚ್ಚಿಡದೆ ಹೇಳಿದ.

"ಹೌದು ಧಣಿ, ಗಾಜು ಒಡೆಯಿತು. ಗೋಡೆ ಗಟ್ಟಿ ಎಂದು ತಾವೇ ಹೇಳಿದ್ದಿರಿ, ಪೇಪರಿನಲ್ಲೂ ಬಂದಿತ್ತು. ಗಾಜಿನಲ್ಲೇ ದೋಷವಿರಬೇಕೆಂದು ಬೇರೆ ಗಾಜು ಹಚ್ಚಿಸಿದೆ."

"ಎಷ್ಟು ಸಲ?"

"ಒಡೆದಾಗಲೆಲ್ಲ."

ಸಾಹುಕಾರ ಅವನನ್ನು ಬಯ್ಯಲಿಲ್ಲ. ಕೂಡಲೇ ಮಕ್ಕಳನ್ನೆಲ್ಲ ನಿಲಯದಿಂದ ಹೊರಡಿಸಿದ. ಅಂದಿನ ಸಂಜೆಯ ಊಟಕ್ಕೆ ಮಕ್ಕಳ ಪಂಕ್ತಿ ಬ್ಯಾಂಕಿನ ಅಂಗಳದಲ್ಲಿ ಕೂತಿತು. ಮಕ್ಕಳು ಅಲ್ಲೇ ಮಲಗಿದರು. ಮುಂಗಾರಿನಲ್ಲಿ ಹೊಳೆ ಮೊದಲ ಸಲ ತುಂಬಿ ಬಂದಾಗ ಆ ಗೋಡೆ, ಅದರ ಹಿಂದಿನ ಕೋಣೆಗಳು, ಸಾಲು ಮಂಚಗಳು ಎಲ್ಲವೂ ನೀರಿಗೆ ಹೋದವು. ಮಂಚಗಳ ಮೇಲೆ ಯಾರೂ ಇರಲಿಲ್ಲ.

ಮರುದಿನ ಸಾಹುಕಾರ ದಂಡೆಯ ಮೇಲೆ ನಿಂತು ಅದನ್ನು ನೋಡಿದ. ಗೆಳೆಯನೂ ಬಂದು ಪಕ್ಕದಲ್ಲಿ ನಿಂತ. ಸಾಹುಕಾರ ಅವನ ಕೈ ಹಿಡಿದುಕೊಂಡ.

"ನನ್ನ ಜೊತೆಗೆ ಬಂದಿರು. ನನಗೆ ಬೇರೇನೂ ಬೇಡ. ನಾನು ನೋಡಿದ್ದನ್ನು ನೀನೂ ಒಮ್ಮೆ ನೋಡು, ಅಷ್ಟು ಸಾಕು."

"ಸಂಬಳ ಏನು ಕೊಡುತ್ತೀ?"

"ನೀನು ಕೇಳಿದಷ್ಟು."

ಗೆಳೆಯ ಮೆಲ್ಲಗೆ ಕೈ ಬಿಡಿಸಿಕೊಂಡ. "ಹಾಗಾದರೆ ನನ್ನ ಕಣ್ಣೂ ಹೋಯಿತು" ಎಂದ.

ಅಜ್ಜನವರು ಇಲ್ಲಿಗೆ ಕತೆ ನಿಲ್ಲಿಸಿ ವಿಭೂತಿ ಗಟ್ಟಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಶಿವಪುತ್ರ ಕೇಳಿದ, "ಹಾಗಾದರೆ ಅಜ್ಜಾರೆ, ನಾನು ಹೋಗಲೋ, ಬೇಡವೋ?"

ಅಜ್ಜನವರು ಹೇಳಿದರು, "'ದೋಷವಿಲ್ಲ ತಾನೆ' ಎನ್ನುತ್ತ ನೀನು ಮುಷ್ಟಿ ಬಿಚ್ಚಿಕೊಂಡೇ ಬಂದೆಯಲ್ಲೋ ತಮ್ಮಾ, ನಾನು ಇನ್ನೇನು ಬರೆಯಲಿ?"

ಪೂಜೆಯ ಗಂಟೆ ಬಾರಿಸಿದರೂ ಶಿವಪುತ್ರ ಏಳಲಿಲ್ಲ.

ಹುಡುಗ ಹೋದನೋ ಉಳಿದನೋ ಎಂದು ನಾವು ಮಾಸ್ತರರನ್ನು ಕೇಳುತ್ತಿದ್ದೆವು. ಅವರು ಹೇಳುತ್ತಿರಲಿಲ್ಲ. ಓದಿದ ನೀವು ಈ ಕತೆಯನ್ನು ಇನ್ನೊಬ್ಬರಿಗೆ ಹೇಳಬೇಕೆಂದು ಬೇಡಿಕೊಳ್ಳುತ್ತೇನೆ. ಆದರೆ ಅದರಿಂದ ನಿಮಗೆ ತಿಳಿದದ್ದನ್ನು ಮೊದಲೇ ಹೇಳಬೇಡಿ. ಕೇಳಿದವರು ತಮಗೆ ಕಂಡದ್ದನ್ನು ಹೇಳಲಿ.