ಬಚ್ಚಲ ಬಾಗಿಲು

ಹೊಳೆಯ ದಂಡೆಯ ಮೇಲೆ ಮೌನಪ್ಪಜ್ಜನ ಆಶ್ರಮ. ಆಶ್ರಮವೆಂದರೆ ಎರಡು ಗುಡಿಸಲು, ಒಂದು ಬೇವಿನ ಮರ, ಮರದ ಕೆಳಗೊಂದು ಕಟ್ಟೆ.

ಅಲ್ಲಿ ಪರ್ವತ ಎಂಬ ಶಿಷ್ಯನಿದ್ದ. ಓದಿದವನು, ಚುರುಕಿನವನು. ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಊರಿನ ನೇಕಾರರ ಓಣಿಯಿಂದ ಬಸಲಿಂಗಪ್ಪ ಬಂದ. ಬಂದವನೇ ಅಜ್ಜನ ಕಾಲಿಗೆ ಬಿದ್ದ.

“ಸೊಸಿಗೆ ಜ್ವರ ಬಿಡವಲ್ದು ಅಜ್ಜಾರ. ಹೋಗತೈತಿ, ಬರತೈತಿ. ಹೊಟ್ಟಿ ಹಿಡಕೊಂಡು ಮಲಗತಾಳ. ನಮ್ಮನಿ ಬಚ್ಚಲದ ವಾಸ್ತು ಸರಿ ಇಲ್ಲ ಅಂತ ಮಂದಿ ಅಂತಾರ. ನೀವೊಮ್ಮೆ ಬಂದು ನೋಡ್ರಿ.”

ಅಜ್ಜ ಪರ್ವತನ ಕಡೆ ತಿರುಗಿದ. “ನೀ ಹೋಗಿ ನೋಡಿ ಬಾ.”

“ಏನು ನೋಡ್ಲಿ?”

“ಬಚ್ಚಲ.”

ಪರ್ವತನಿಗೆ ತಲೆಬುಡ ತಿಳಿಯಲಿಲ್ಲ. ತನ್ನೊಳಗನ್ನು ತಾನು ನೋಡುವುದನ್ನು ಕಲಿಯಲು ಮನೆ ಬಿಟ್ಟು ಬಂದವನು ಅವನು. ಅಂಥವನನ್ನು ಯಾರದೋ ಮನೆಯ ಬಚ್ಚಲು ನೋಡಲು ಕಳಿಸುವುದೆಂದರೇನು? ಆದರೂ ಹೋದ.

ಮನೆ ಚಿಕ್ಕದು. ರೈಲಿನ ಡಬ್ಬಿಯ ಹಾಗೆ ಒಂದರ ಹಿಂದೊಂದು ಕೋಣೆ: ಪಡಸಾಲೆ, ನಡುಕೋಣೆ, ಅಡಿಗೆಮನೆ. ಪಡಸಾಲೆಯ ಮೂಲೆಗೆ ಗೋಡೆ ಎಬ್ಬಿಸಿ ಬಚ್ಚಲು ಮಾಡಿದ್ದರು. ಸ್ನಾನ, ಸಂಡಾಸು ಎರಡೂ ಅದರೊಳಗೇ. ಬಾಗಿಲು ಪಡಸಾಲೆಗೇ.

ಅದೇ ಪಡಸಾಲೆಯಲ್ಲಿ ಕೂತು ಬಸಲಿಂಗಪ್ಪ ದಿನವಿಡೀ ರಾಟೆ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಿದ್ದ. ಓಣಿಯ ಗೆಳೆಯರು ಬಂದು ಗೋಡೆಗೊರಗಿ ಹರಟುತ್ತಿದ್ದರು. ಮಗ ಪವರ್‌ಲೂಮಿನ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ.

ಪರ್ವತ ಬಚ್ಚಲು ಹೊಕ್ಕ. ಒಳಗೆ ಕತ್ತಲೆ. ನೆಲದಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು. ಗಾಳಿಕಿಂಡಿಗೆ ಯಾರೋ ಗೋಣಿಚೀಲ ತುರುಕಿದ್ದರು. ಮೊಳೆಗೆ ನೇತುಹಾಕಿದ ಬಟ್ಟೆ ಒಣಗದೆ ಮುಗ್ಗಲು ನಾತ ಹೊಡೆಯುತ್ತಿತ್ತು.

ಅವನಿಗೆ ಒಳಗೊಳಗೇ ಸಂತೋಷವಾಯಿತು. ಉತ್ತರ ಸಿಕ್ಕಿತ್ತು.

ಪಂಚೆ ಎತ್ತಿ ಕಟ್ಟಿ ಕೆಲಸಕ್ಕಿಳಿದ. ಗೋಣಿಚೀಲ ಕಿತ್ತೆಸೆದ. ತೆಂಗಿನ ನಾರು ಹಿಡಿದು ಪಾಚಿ ಉಜ್ಜಿದ. ಮೋರಿಯಲ್ಲಿ ಸಿಕ್ಕಿದ್ದ ಕೂದಲು, ಸೋಪಿನ ಚೂರು ತೆಗೆದ. ಸಿಮೆಂಟು ಕಲಸಿ ನೆಲಕ್ಕೆ ಇಳಿಜಾರು ಕೊಟ್ಟ. ಮಿಂದ ನೀರು ಸಂಡಾಸಿನ ಕಡೆ ಹರಿಯದಂತೆ ನಡುವೆ ಸಣ್ಣದೊಂದು ಅಡ್ಡಗಟ್ಟೆ ಹಾಕಿದ. ಬಕೀಟಿಗೆ ಮುಚ್ಚಳ, ಕೈತೊಳೆಯಲು ಎಟುಕುವಲ್ಲಿ ಸೋಪು. ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕಿಸಿದ.

ಬಸಲಿಂಗಪ್ಪನ ಹೆಂಡತಿ ತಂಗೆವ್ವ ಇಣುಕಿ ನೋಡಿದಳು. “ಅಯ್ಯ, ಗುಡಿ ಆದಂಗಾತಲ್ಲೋ ಯಪ್ಪಾ!”

ಸೊಸೆ ಕಸ್ತೂರಿ ನಡುಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು.

ಪರ್ವತ ಮರಳಿ ಬಂದು ಅಜ್ಜನಿಗೆ ವರದಿ ಒಪ್ಪಿಸಿದ. ಅಜ್ಜ ಎಲ್ಲವನ್ನೂ ಕೇಳಿದ.

“ಚಲೋ ಮಾಡಿದಿ. ಜ್ವರ ಹೋತೇನು?”

“ಇನ್ನ ಹೋಗತೈತ್ರಿ.”

ಹೋಗಲಿಲ್ಲ. ಅಮಾವಾಸ್ಯೆ ಕಳೆಯುವುದರೊಳಗೆ ಬಸಲಿಂಗಪ್ಪ ಮತ್ತೆ ಬಂದ. ಪರ್ವತ ಮತ್ತೆ ಹೋದ. ಬಚ್ಚಲು ಒಣಗಿ ಬೆಳ್ಳಗಿತ್ತು. ಆದರೆ ಕಿಂಡಿಗೆ ಯಾರೋ ಗೋಣಿಚೀಲ ಮತ್ತೆ ತುರುಕಿದ್ದರು.

“ಇದನ್ನ ಯಾರು ಇಟ್ರಿ?” ಎಂದು ಸಿಟ್ಟಿನಿಂದ ಕೇಳಿದ.

“ನಾನ್ರಿ,” ಎಂದಳು ಕಸ್ತೂರಿ.

“ಯಾಕ?”

“ಹಂಗ. ಗಾಳಿ ಬರತೈತ್ರಿ.”

ಗಾಳಿ ಬರಲಿ ಎಂದೇ ತೆಗೆದದ್ದಲ್ಲವೇ?

ಡಾಕ್ಟರು ಏನೆಂದರು ಎಂದು ವಿಚಾರಿಸಿದ. ಮೂತ್ರಕ್ಕೆ ಸೋಂಕು ತಗಲಿದೆ, ಗುಳಿಗೆ ಮುಗಿಸಿ, ನೀರು ಹೆಚ್ಚು ಕುಡಿಯಿರಿ ಎಂದಿದ್ದರಂತೆ. ಗುಳಿಗೆ ತಿನ್ನುತ್ತಿದ್ದಳು. ನೀರು ಮಾತ್ರ ಕುಡಿಯುತ್ತಿರಲಿಲ್ಲ.

“ಕೊಡ ತುಂಬ ನೀರೈತಿ,” ಎಂದಳು ತಂಗೆವ್ವ. “ನಾ ಏನು ಬ್ಯಾಡ ಅಂದೇನೇನು?”

ಪರ್ವತ ಕಸ್ತೂರಿಯನ್ನೇ ಕೇಳಿದ. ಅವಳು ನೆಲ ನೋಡುತ್ತ ಹೇಳಿದಳು, “ನನಗ ನೀರಡಿಕಿ ಆಗೂದಿಲ್ರಿ.”

ಆಶ್ರಮಕ್ಕೆ ಬಂದ ಪರ್ವತ ಅಜ್ಜನ ಮುಂದೆ ಕುಸಿದು ಕೂತ.

“ಬಚ್ಚಲ ಸ್ವಚ್ಛ ಐತಿ. ಔಷಧ ಐತಿ. ನೀರೈತಿ. ಮನಿಮಂದಿ ಒಳ್ಳೇವರದಾರ. ಆದರೂ ಆ ಹೆಣ್ಣುಮಗಳು ನೀರು ಯಾಕ ಕುಡಿಯವಲ್ಲಳು? ನನಗ ತಿಳೀವಲ್ದು ಅಜ್ಜಾರ.”

“ನೀರಡಿಕಿ ಇಲ್ಲ ಅಂದ್ಲಲ್ಲ.”

“ಇಂಥಾ ಬಿಸಲಾಗ?”

ಅಜ್ಜ ತಾನೇ ಎದ್ದು ದೊಡ್ಡ ತಂಬಿಗೆ ತುಂಬ ನೀರು ತಂದ. “ದಣದು ಬಂದಿ. ಕುಡಿ.”

ಪರ್ವತ ಕುಡಿದ. ಅಜ್ಜ ಇನ್ನೊಂದು ತಂಬಿಗೆ ತಂದ. ಗುರು ಕೊಟ್ಟದ್ದು, ಬೇಡವೆನ್ನುವುದು ಹೇಗೆ? ಅದನ್ನೂ ಕುಡಿದ.

ಆ ಹೊತ್ತಿಗೆ ಸಂತೆಯಿಂದ ಮರಳುವ ಮಂದಿ ಅಜ್ಜನನ್ನು ನೋಡಲು ಬಂದು ಕಟ್ಟೆಯ ಸುತ್ತ ಕೂತರು. ಆಶ್ರಮದ ಸಂಡಾಸಿಗೆ ಹೋಗುವ ದಾರಿ ಆ ಕಟ್ಟೆಯ ಮುಂದೆಯೇ. ಪರ್ವತ ಸ್ವಲ್ಪ ಹೊತ್ತು ತಡೆದ. ಆಮೇಲೆ ಮೆಲ್ಲಗೆ ಎದ್ದ.

ಅಜ್ಜ ಮಾತು ನಿಲ್ಲಿಸಿದ. “ಎಲ್ಲಿಗೆ ಹೊಂಟಿ, ಪರ್ವತಾ?”

ಕೂತವರೆಲ್ಲ ತಿರುಗಿ ನೋಡಿದರು. ಗಂಡಸರು, ಹೆಂಗಸರು, ಕಂಕುಳ ಕೂಸು ಕೂಡ.

“ಎಲ್ಲೂ ಇಲ್ರಿ,” ಎಂದು ಪರ್ವತ ಕೂತುಬಿಟ್ಟ.

ಮತ್ತೆ ಎದ್ದ. ಅಜ್ಜ ಮತ್ತೆ ಮಾತು ನಿಲ್ಲಿಸಿದ. ಈ ಸಲ ಕೇಳಲೂ ಇಲ್ಲ, ಸುಮ್ಮನೆ ನೋಡಿದ. ಪರ್ವತ ಪಂಚೆ ಕೊಡವಿದಂತೆ ಮಾಡಿ ಕೂತ. ಅಜ್ಜ ಏನು ಉಪದೇಶ ಮಾಡುತ್ತಿದ್ದಾನೆಂಬುದು ಒಂದಕ್ಷರವೂ ಕಿವಿಗೆ ಬೀಳಲಿಲ್ಲ. ಮಂದಿ ಎದ್ದು ಹೋದಮೇಲೆ ಓಡಿದ.

ಗುರುವಿಗೆ ತನ್ನ ಮೇಲೆ ಯಾವ ಸಿಟ್ಟು? ಏನು ತಪ್ಪು ಮಾಡಿದೆ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ.

ಮರುದಿನ ಮಂದಿ ಸೇರುವ ಹೊತ್ತಿಗೆ ಅಜ್ಜ ಮತ್ತೆ ತಂಬಿಗೆ ಹಿಡಿದು ಬಂದ. ಪರ್ವತ ಗಾಬರಿಯಾಗಿ ಕೈ ಅಡ್ಡ ಹಿಡಿದ.

“ಬ್ಯಾಡ್ರಿ ಅಜ್ಜಾರ. ನನಗ ನೀರಡಿಕಿ ಇಲ್ಲ.”

ಬಾಯಿಂದ ಬಂದ ಮಾತು ಕಿವಿಗೆ ಬಿದ್ದೊಡನೆ ಪರ್ವತ ಕಲ್ಲಿನಂತೆ ನಿಂತ.

ಅಜ್ಜನಿಗೆ ಹೇಳದೆಯೇ ನೇಕಾರರ ಓಣಿಗೆ ಓಡಿದ. ಏದುಸಿರು ಬಿಡುತ್ತ ಪಡಸಾಲೆ ಹೊಕ್ಕ. ಬಸಲಿಂಗಪ್ಪ ರಾಟೆ ತಿರುಗಿಸುತ್ತಿದ್ದ. ಗೆಳೆಯರಿಬ್ಬರು ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದರು.

“ತಿಳೀತು!” ಎಂದ ಪರ್ವತ. “ನೀವು ಇಲ್ಲಿ ಕುಂಡರತೀರಿ. ನಿಮ್ಮ ಮುಂದ ಆ ಬಾಗಲಕ್ಕ ಹೋಗಾಕ ಆಕಿಗೆ ನಾಚಿಕಿ. ಹೋಗೂದು ಬ್ಯಾಡ ಅಂತ ನೀರ ಕುಡಿಯೂದಿಲ್ಲ. ಸಪ್ಪಳ ಓಣಿಗೆ ಕೇಳಬಾರದು ಅಂತ ಕಿಂಡಿ ಮುಚ್ಚತಾಳ. ಜಡ್ಡು ಇರೂದು ಬಾಗಲದಾಗ!”

ರಾಟೆ ನಿಂತಿತು. ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋದರು.

ಬಸಲಿಂಗಪ್ಪನ ಮುಖ ಕೆಂಪಾಯಿತು. “ನಾನೇನು ಆಕಿನ್ನ ನೋಡ್ಕೋತ ಕುಂತೀನೇನು? ಮನೀ ಮಗಳಂಗ ಇಟ್ಕೊಂಡೀನಿ. ಎಂಥಾ ಮಾತು ಆಡಿದಿ!”

“ಮಠದವರ ತನಕ ದೂರು ಒಯ್ದಿಯೇನ ನೀನು?” ತಂಗೆವ್ವ ಸೊಸೆಯ ಮೇಲೆ ತಿರುಗಿದಳು.

ಕಸ್ತೂರಿ ಜ್ವರದ ಮೈಯಲ್ಲಿ ಎದ್ದು ಬಂದಿದ್ದಳು. ಸೆರಗು ಬಿಗಿಹಿಡಿದುಕೊಂಡು ಪರ್ವತನನ್ನು ಮೊದಲ ಸಲ ನೇರ ನೋಡಿದಳು.

“ನಾ ನಿಮಗೇನರೆ ಹೇಳಿದ್ನೇನ್ರಿ?”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ದನಿ ಕೂಡ ಹೊರಗೆ ಬರಲಿಲ್ಲ.

ಪರ್ವತ ಹೊಳೆಯ ದಾರಿಯಲ್ಲಿ ಕುಡಿದವನಂತೆ ನಡೆದು ಬಂದ.

“ನಾ ಹೇಳಿದ್ದು ಖರೇ ಇತ್ತು ಅಜ್ಜಾರ. ಮತ್ತ ಎಲ್ಲಾ ಯಾಕ ಕೆಟ್ಟಹೋತು?”

“ಯಾರ ಮುಂದ ಹೇಳಿದಿ?”

“ಎಲ್ಲಾರ ಮುಂದ.”

“ಹಂಗಾರ ಆಕಿಗೆ ನೀ ಇನ್ನೊಂದು ಪಡಸಾಲಿ ಕಟ್ಟಿಬಂದಿ,” ಎಂದ ಅಜ್ಜ. ಕೋಲು ತೆಗೆದುಕೊಂಡು ಎದ್ದ. “ನಡಿ.”

ಅಜ್ಜನನ್ನು ನೋಡಿ ಬಸಲಿಂಗಪ್ಪ ಕಂಬಳಿ ಹಾಸಿದ. ತಂಗೆವ್ವ ಮಜ್ಜಿಗೆ ತಂದಳು. ಅಜ್ಜ ಕುಡಿದ, ಇನ್ನಷ್ಟು ಕೇಳಿ ಕುಡಿದ. ನೂಲಿನ ದರ, ಮಗನ ಕೆಲಸ, ಹೊಳೆಯ ನೀರು, ಹೀಗೆ ಏನೇನೋ ಮಾತಾಡಿದ. ಬಚ್ಚಲ ಮಾತೇ ಎತ್ತಲಿಲ್ಲ.

ಪರ್ವತ ಚಡಪಡಿಸಿದ. ಅಜ್ಜ ಬಂದ ಕೆಲಸವನ್ನೇ ಮರೆತನೇ?

ಸ್ವಲ್ಪ ಹೊತ್ತಿಗೆ ಅಜ್ಜ ಎದ್ದ. “ಬಚ್ಚಲಕ್ಕ ಹೋಗಬೇಕಲ್ಲಪಾ.”

“ಹೋಗಿ ಬರ್ರಿ.”

ಅಜ್ಜ ಬಚ್ಚಲ ಬಾಗಿಲ ತನಕ ಹೋದ. ಚಿಲಕದ ಮೇಲೆ ಕೈ ಇಟ್ಟ. ಅಲ್ಲೇ ನಿಂತ. ತಿರುಗಿ ನೋಡಿದ.

“ಬಸಲಿಂಗಪ್ಪಾ, ನೀ ಇಲ್ಲೇ ಕುಂಡರತಿ?”

“ನಾ ಈ ಕಡೆ ನೋಡೂದಿಲ್ರಿ ಅಜ್ಜಾರ. ಗ್ವಾಡಿ ನೋಡತೀನಿ.”

“ಕಿವಿ?”

ಬಸಲಿಂಗಪ್ಪ ತಬ್ಬಿಬ್ಬಾದ.

“ವಯಸ್ಸಾತು,” ಎಂದ ಅಜ್ಜ, ಎಳೆಯ ಹುಡುಗನಂತೆ ಸಂಕೋಚದಿಂದ. “ಎಲ್ಲಾ ಬಿಟ್ಟೀನಿ ಅಂತ ಮಂದಿ ನನ್ನ ಕಾಲಿಗೆ ಬೀಳತಾರ. ಇದೊಂದು ನಾಚಿಕಿ ಬಿಡಾಕ ಆಗಿಲ್ಲ ನೋಡು.”

ಬಸಲಿಂಗಪ್ಪ ಗಡಬಡಿಸಿ ಎದ್ದ. ಪರ್ವತನನ್ನೂ ಎಬ್ಬಿಸಿಕೊಂಡು ಹೊರಗೆ ಓಣಿಗೆ ಬಂದು ನಿಂತ. ತಂಗೆವ್ವ ಅಡಿಗೆಮನೆಗೆ ಸರಿದಳು.

ಓಣಿಯಲ್ಲಿ ಬಿಸಿಲು ಸುಡುತ್ತಿತ್ತು. ಬಸಲಿಂಗಪ್ಪ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತ. ಅಜ್ಜ ಬೇಗ ಬರಲಿಲ್ಲ.

“ಅವರಂಥವರಿಗೇ ಹಿಂಗಾದ್ರ…” ಎಂದ ಬಸಲಿಂಗಪ್ಪ ಕೊನೆಗೆ, ಪರ್ವತನ ಮುಖ ನೋಡದೆ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಅಜ್ಜ ಹೊರಬಂದಮೇಲೆ ಎಲ್ಲರೂ ಒಳಗೆ ಸೇರಿದರು. ಬಸಲಿಂಗಪ್ಪ ಬಚ್ಚಲ ಸುತ್ತ ತಿರುಗಿ ನೋಡಿದ. ಗೋಡೆ ತಟ್ಟಿದ.

“ಈ ಬಾಗಲಾ ಮುಚ್ಚಿಬಿಡೂಣು. ನಡುಕೋಣಿ ಕಡೆ ಒಡೆದು ಇಟ್ರಾತು.”

ಎಲ್ಲರೂ ನಡುಕೋಣೆಗೆ ಹೋದರು. ಒಡೆಯಬೇಕಾದ ಗೋಡೆಗೇ ದೇವರ ಜಗುಲಿ ಇತ್ತು. ತಂಗೆವ್ವನ ಅತ್ತೆ ಇಟ್ಟ ಜಗುಲಿ. ಬೆಳ್ಳಿ ಕಣ್ಣಿನ ಎಲ್ಲಮ್ಮ, ವಿಭೂತಿ ಗಟ್ಟಿ, ಉರಿಯುವ ದೀಪ.

“ದೇವರನ್ನ ಕಿತ್ತು ಸಂಡಾಸದ ಬಾಗಲಾ ಇಡೂದ?” ತಂಗೆವ್ವ ಜಗುಲಿಗೆ ಅಡ್ಡ ಬಂದಳು. “ಹೆಂಗ್ರಿ ಅಜ್ಜಾರ?”

ಎಲ್ಲರೂ ಅಜ್ಜನ ಬಾಯಿ ನೋಡಿದರು. ಪರ್ವತನೂ ನೋಡಿದ. ಹೌದೆಂದರೆ ದೇವರಿಗೆ ಅಪಚಾರ. ಅಲ್ಲವೆಂದರೆ ಈ ಹೆಣ್ಣಿಗೆ ಜ್ವರ.

“ಮನಿ ನಿನ್ನದು, ತಂಗೆವ್ವಾ,” ಎಂದ ಅಜ್ಜ.

ತಂಗೆವ್ವ ದೀಪ ನೋಡುತ್ತ ನಿಂತಳು. ಮೂಲೆಯಲ್ಲಿ ಚಾಪೆಯ ಮೇಲೆ ಕಸ್ತೂರಿ ಮೊಣಕಾಲು ಅವಚಿಕೊಂಡು ಕೂತಿದ್ದಳು.

“ಬ್ಯಾಡ್ರಿ ಅತ್ತಿ,” ಎಂದಳು ಅವಳು. “ನನ್ನ ಸಲುವಾಗಿ ಬ್ಯಾಡ. ನನಗ ರೂಢಿ ಆಗೈತಿ.”

ಆ ಮಾತಿಗೆ ತಂಗೆವ್ವ ಗಕ್ಕನೆ ತಿರುಗಿದಳು. ಬಹಳ ಹೊತ್ತು ಸೊಸೆಯ ಒಣಗಿದ ತುಟಿಯನ್ನೇ ನೋಡಿದಳು.

“ನಾ ಬಂದಾಗ ಬಚ್ಚಲಾನೂ ಇರಲಿಲ್ಲ,” ಎಂದಳು. “ನಸುಕಿನ್ಯಾಗ ಹಳ್ಳದ ಕಡೆ ಹೋಗಿ ಬಂದ್ರ ಮತ್ತ ಹೊತ್ತು ಮುಳುಗೂ ಮಟ ಹಲ್ಲು ಕಚ್ಚಿ ಇರಬೇಕಿತ್ತು. ಜ್ವಾಳದ ರೊಟ್ಟಿ ತಿಂದು ನೀರ ಕುಡೀದ ಏಳತಿದ್ನಿ. ಮರ್ತ ಹೋಗಿತ್ತಲ್ಲ ನನಗ ಅದು… ಹೆಂಗ ಮರ್ತೆ?”

ಅವಳು ದೀಪವನ್ನು ಎಡಗೈಗೆ ತೆಗೆದುಕೊಂಡಳು. ಬಲಗೈಯಿಂದ ಎಲ್ಲಮ್ಮನನ್ನು ಎತ್ತಿ, ಕೂಸನ್ನು ಎತ್ತಿದಂತೆ, ಸೆರಗಿನೊಳಗೆ ಇಟ್ಟುಕೊಂಡಳು.

“ಪಡಸಾಲ್ಯಾಗ ಮೂಡಲ ಗ್ವಾಡಿ ಖಾಲಿ ಐತಿ,” ಎಂದು ಗಂಡನಿಗೆ ಹೇಳಿದಳು. “ಹಲಗಿ ಇಟ್ಟು ಮೊಳಿ ಹೊಡಿ ಏಳು.”

ಬಾಗಿಲು ಬದಲಾಯಿತು. ಬಸಲಿಂಗಪ್ಪ ತಾನೇ ಗೋಡೆ ಒಡೆದ. ಪರ್ವತ ಇಟ್ಟಿಗೆ ಹೊತ್ತ. ಹಳೆಯ ಬಾಗಿಲಿದ್ದ ಕಡೆ ಗೋಡೆ ಎದ್ದಿತು. ಕಿಂಡಿಯನ್ನು ಸೂರಿನ ತನಕ ಎತ್ತರಿಸಿ, ಓರೆ ಹಲಗೆ ಕೂರಿಸಿದರು. ಗಾಳಿ ಬರುತ್ತಿತ್ತು, ಓಣಿಯ ಕಣ್ಣು ಬರುತ್ತಿರಲಿಲ್ಲ. ಒಳಗೆ ಗಟ್ಟಿ ಚಿಲಕ ಬಂತು.

ಶ್ರಾವಣದಲ್ಲಿ ಗುರುಶಿಷ್ಯರು ಭಿಕ್ಷೆಗೆಂದು ಆ ಓಣಿಗೆ ಹೋದರು. ಕಸ್ತೂರಿ ರೊಟ್ಟಿ ತಂದು ಜೋಳಿಗೆಗೆ ಹಾಕಿದಳು. ಮುಖದಲ್ಲಿ ರಕ್ತ ಆಡುತ್ತಿತ್ತು. ಪರ್ವತನಿಗೆ ಅವಳನ್ನು ನೋಡಲು ಧೈರ್ಯ ಬರಲಿಲ್ಲ.

“ಅಣ್ಣಾರ, ನೀರ ಕುಡೀತೀರೇನು?” ಎಂದು ಅವಳೇ ಕೇಳಿದಳು.

ಕುಡಿದ. ತಂಬಿಗೆ ಇಸಿದುಕೊಂಡು ಒಳಗೆ ಹೋದವಳು ಮತ್ತೊಂದು ತುಂಬಿಕೊಂಡು, ಕತ್ತೆತ್ತಿ, ತಾನೂ ಗಟಗಟ ಕುಡಿಯುತ್ತಿರುವುದು ಬಾಗಿಲ ಸಂದಿನಿಂದ ಕಾಣಿಸಿತು. ಪರ್ವತ ಥಟ್ಟನೆ ಮುಖ ತಿರುಗಿಸಿದ.

ಹೊಳೆಯ ದಾರಿ ಹಿಡಿದರು. ಪರ್ವತನ ಗೊಂದಲ ಇನ್ನೂ ಪೂರ್ತಿ ಕರಗಿರಲಿಲ್ಲ.

“ಅಜ್ಜಾರ, ಒಂದು ಕೇಳಲೇನ್ರಿ?”

“ಕೇಳು.”

“ತಲೆಮಾರಿನಿಂದ ಒಂದೇ ಕಡೆ ಕುಂತ ದೇವರನ್ನ ಒಂದು ಬಚ್ಚಲ ಬಾಗಲದ ಸಲುವಾಗಿ ಎಬ್ಬಿಸಿದ್ವಿ. ಅದು ತಪ್ಪಲ್ಲೇನ್ರಿ?”

ಅಜ್ಜ ಜೋಳಿಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

“ದೇವರು ಇಟ್ಟಲ್ಲಿ ಕುಂಡರತಾನೋ ಪರ್ವತಾ. ಎದ್ದು ಹೋಗಬೇಕಾಗೂದು ಮನಷ್ಯಾಗ.”