ಫೋನಿನ ನೀರು ತೆಗೆದ ದ್ಯಾಮಣ್ಣ

ಒಂದೂರು. ಊರೆಂದರೆ ದೊಡ್ಡದೇನಲ್ಲ, ಒಂದು ಹತ್ತಿ ಗಿರಣಿ, ಎರಡು ಚಹಾದಂಗಡಿ, ಒಬ್ಬ ಪೆದ್ದ. ಪೆದ್ದನ ಹೆಸರು ದ್ಯಾಮಣ್ಣ. ಹೇಳಿದ್ದನ್ನು ಮಾಡುವವನು. ಹೇಳಿದಷ್ಟನ್ನೇ ಮಾಡುವವನು. ಅವನ ತಾಯಿ ಫಕೀರವ್ವನ ದುಃಖವೂ ಅದೇ.

ಮೂವತ್ತು ತುಂಬುತ್ತ ಬಂದರೂ ದ್ಯಾಮಣ್ಣನಿಗೆ ಹೆಣ್ಣು ಸಿಕ್ಕಿರಲಿಲ್ಲ. ತಾಯಿ ಮಗ ಹನ್ನೊಂದು ಮನೆಗೆ ಕನ್ಯೆ ನೋಡಲು ಹೋದರು. ಹನ್ನೊಂದು ಮನೆಯಲ್ಲೂ ದ್ಯಾಮಣ್ಣ ಮಾತಾಡಿದ. ಹನ್ನೊಂದು ಮನೆಯವರೂ ಬಾಗಿಲತನಕ ಬಂದು ಕಳಿಸಿಕೊಟ್ಟರು. ಹನ್ನೆರಡನೆಯ ಸಲ ಫಕೀರವ್ವ ಹಾದಿಯಲ್ಲೇ ಹೇಳಿದಳು: "ಅಲ್ಲಿ ಬಾಯಿ ತೆರೀಬ್ಯಾಡ!"

ಅವನು ತೆರೆಯಲಿಲ್ಲ. ಅವಲಕ್ಕಿ ಕೊಟ್ಟರೂ ತೆರೆಯಲಿಲ್ಲ.

ಹುಡುಗಿಯ ತಂದೆ ಶಿವಪುತ್ರಪ್ಪನಿಗೆ ಭಾಳ ಹಿಡಿಸಿತು. "ಹುಡುಗ ಗಂಭೀರ ಅದಾನ. ಸೋಮವಾರ ಮಧ್ಯಾಹ್ನ ಫೋನ್ ಮಾಡಿ ಹೇಳ್ತೀನಿ" ಅಂದ.

ಸೋಮವಾರ ಬಂತು. ಬೆಳಗಿನಿಂದ ಫಕೀರವ್ವ ಫೋನು ಕೈಬಿಟ್ಟಿರಲಿಲ್ಲ. ಚಾರ್ಜಿಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಫೋನು ಸುಡಹತ್ತಿತು.

"ದ್ಯಾಮಾ, ಇದು ಕಾದೈತಿ. ಮನ್ಯಾಗ ಎಲ್ಲಿ ತಂಪ ಐತಿ ನೋಡಿ ಅಲ್ಲಿ ಇಡು."

"ಆತಬೇ ಯವ್ವಾ."

ಸ್ವಲ್ಪ ಹೊತ್ತಿಗೆ ಆಕೆ ಕೇಳಿದಳು: "ಎಲ್ಲಿಟ್ಟೀಯೋ?"

"ಕುಡಿಯೋ ನೀರಿನ ಗಡಿಗ್ಯಾಗ!"

"ಗಡಿಗ್ಯಾಗ?"

"ಅದಕ್ಕಿಂತ ತಂಪಂದ್ರ ಮನ್ಯಾಗ ಎಲ್ಲೈತಿ? ನೀ ಹೇಳಿದ್ಹಂಗ ಮಾಡೀನಿ."

ಫಕೀರವ್ವ ಓಡಿದಳು. ಗಡಿಗೆಗೆ ಕೈ ಹಾಕಿದಳು. ಫೋನು ತೆಗೆದು ಒರೆಸಿ ಒಂದು ಭಜನೆ ಹಚ್ಚಿದಳು. ದೀಪ ಹತ್ತಿತು, ಚಿತ್ರ ಬಂತು. ಆದರೆ ಭಜನೆ ಮಾಡುವವರೆಲ್ಲ ಬಾವಿಯೊಳಗೆ ಕೂತಂತೆ ಬುಳುಬುಳು ಅಂದರು. ಒಂದಕ್ಷರ ತಿಳಿಯಲಿಲ್ಲ.

"ಅಯ್ಯ ಖೋಡೀ! ಬೀಗರು ಮಾತಾಡಿದ್ರ ನನಗ ಹೆಂಗ ತಿಳೀಬೇಕೋ? ಅವರು ಹೂಂ ಅಂದ್ರೋ ಉಹೂಂ ಅಂದ್ರೋ ಹೆಂಗ ಗೊತ್ತಾಗಬೇಕೋ? ಒಳಗ ನೀರು ಹೊಕ್ಕಿದ್ರ ಹಿಂಗ ಕವುಚಿ ಹಿಡೀಬೇಕು, ಮೂರು ಸಲ ಝಾಡಿಸಬೇಕು, ತಿಳೀತಾ?"

"ತಿಳೀತಬೇ. ಇನ್ನ ಮ್ಯಾಲ ಹಂಗ ಮಾಡ್ತೀನಿ."

ಆಕೆ ಝಾಡಿಸಿದಳು. ನಾಲ್ಕು ಹನಿ ಬಿತ್ತು. ಬುಳುಬುಳು ಹೋಗಲಿಲ್ಲ.

"ಇರಲಿ, ಆರತೈತಿ. ಸುದ್ದಿ ಬಂದ ಕೂಡಲೇ ಪಾಯಸ ಮಾಡಬೇಕು. ದೇವಕ್ಕನ ಮನಿಗೆ ಹೋಗಿ ಎರಡು ಲೀಟರ್ ಹಾಲು ತಾ."

ದ್ಯಾಮಣ್ಣ ಹೋದ. ದೇವಕ್ಕನ ಕಟ್ಟೆಯ ಮೇಲೆ ಜಗಳ ನಡೆದಿತ್ತು. "ಇದರಾಗ ನೀರೈತಿ!" ಅಂತ ಒಬ್ಬಳು. "ಎಲ್ಲೈತಿ ತೋರ್ಸು!" ಅಂತ ದೇವಕ್ಕ. "ಅರ್ಧಕ್ಕರ್ಧ ನೀರೇ ಐತಿ!" ಅಂತ ಇನ್ನೊಬ್ಬಳು. ದ್ಯಾಮಣ್ಣ ಎಲ್ಲ ಕೇಳಿಸಿಕೊಂಡ. ಹಾಲು ಹಾಕಿಸಿಕೊಂಡ. ಬೀದಿಯ ನಡುವೆ ನಿಂತ. ಡಬ್ಬಿ ಕವುಚಿ ಹಿಡಿದ. ಒಂದು, ಎರಡು, ಮೂರು!

ಖಾಲಿ ಡಬ್ಬಿ ಹಿಡಿದುಕೊಂಡು ನಗುತ್ತ ಮನೆಗೆ ಬಂದ.

"ಹಾಲೆಲ್ಲೋ?"

"ಒಳಗ ನೀರು ಹೊಕ್ಕಿತ್ತಬೇ. ಮೂರು ಸಲ ಝಾಡಿಸೀನಿ. ಒಂದ ಹನಿ ನೀರು ಉಳದಿಲ್ಲ ನೋಡು!"

ಫಕೀರವ್ವ ನೋಡಿದಳು. ನಿಜ, ಉಳಿದಿರಲಿಲ್ಲ.

"ನನ್ನ ಹಣೇಬರಾ! ಹಾಲಾಗ ನೀರಿದ್ರ ಚೆಲ್ಲತಾರೇನೋ? ಒಲಿ ಮ್ಯಾಲ ಇಡಬೇಕು! ಸಣ್ಣ ಉರಿ ಮಾಡಬೇಕು! ಕಾದಂಗ ಕಾದಂಗ ನೀರೆಲ್ಲ ಆರಿ ಹೋಗತೈತಿ!"

"ಮೊದಲ ಹೇಳಬಾರದೇನಬೇ? ಇನ್ನ ಮ್ಯಾಲ ಹಂಗ ಮಾಡ್ತೀನಿ."

ಆಕೆ ತಾನೇ ಡಬ್ಬಿ ಹಿಡಿದು ಹಾಲಿಗೆ ಹೊರಟಳು. ಹೊಸ್ತಿಲಲ್ಲಿ ತಿರುಗಿ, "ಫೋನು ನೋಡಕೋ, ಇನ್ನೂ ನೀರೈತಿ ಅದರಾಗ" ಎಂದಳು. ನಾಲ್ಕು ಹೆಜ್ಜೆ ಹೋದಳು. ತಾನು ಹೇಳಿದ್ದೇನು ಅಂತ ಹೊಳೆಯಿತು. ತಿರುಗಿ ಓಡಿಬಂದಳು.

ಒಲೆಯ ಮೇಲೆ ರೊಟ್ಟಿ ಹಂಚು. ಹಂಚಿನ ಮೇಲೆ ಫೋನು. ದ್ಯಾಮಣ್ಣ ಕಡ್ಡಿ ಗೀರಿ ಕೂತಿದ್ದ.

"ಸಣ್ಣ ಉರೀನ ಮಾಡ್ತೀನಬೇ" ಅಂದ.

ಫಕೀರವ್ವ ಕಡ್ಡಿ ಊದಿದಳು, ಫೋನು ಕಸಿದಳು, ಮಗನ ಬೆನ್ನಿಗೊಂದು ಕೊಟ್ಟಳು. "ಇದಕ್ಕ ಬೆಂಕಿ ತೋರಿಸ್ತಾರೇನೋ ದಡ್ಡಾ! ರಾಜೇಸಾಬನ ಅಂಗಡಿಗೆ ಹೋಗು. ಅಂವ ಏನು ಹೇಳ್ತಾನೋ ಅದನ್ನ ಮಾಡು. ನಿನ್ನ ಬುದ್ಧಿ ಒಂಚೂರೂ ಸೇರಿಸಬ್ಯಾಡ!"

ರಾಜೇಸಾಬ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಫೋನು ಕಿವಿಗೆ ಹಿಡಿದು ನಕ್ಕ. "ಸ್ಪೀಕರಿಗೆ ನೀರು ಕುಂತೈತಿ, ಮತ್ತೇನಿಲ್ಲ. ಒಂದು ಗುಂಯ್ ಅನ್ನೋ ಸದ್ದು ಹಾಕಿಕೊಡ್ತೀನಿ. ಒಣಾ ಅರಿಬಿ ಮಡಚಿ ಹಾಸು. ಫೋನಿನ ಬಾಯಿ ಕೆಳಗ ಮಾಡಿ ಮಲಗಿಸು. ಸದ್ದು ಪೂರಾ ಏರಿಸು. ಆ ನಡುಕಕ್ಕ ನೀರು ತಾನ ಹೊರಗ ಬರತೈತಿ."

"ನಡುವ ನಿಲ್ಲಿಸಲೇನು ಕಾಕಾ?"

"ಕಡೀ ಹನಿ ಬರೋತನಕ ನಿಲ್ಲಿಸಬ್ಯಾಡ. ಅದು ಎಷ್ಟು ಒದರಿದ್ರೂ ಮುಟ್ಟಬ್ಯಾಡ."

"ಆತು ಕಾಕಾ."

ದ್ಯಾಮಣ್ಣ ಮನೆಗೆ ಬಂದ. ಕೌದಿ ಮಡಚಿ ಹಾಸಿದ. ಫೋನು ಮಲಗಿಸಿದ. ಗುಂಯ್... ಕೌದಿಯ ಮೇಲೆ ಹನಿ ಮೂಡಿತು. ಮತ್ತೊಂದು ಮೂಡಿತು. ಫಕೀರವ್ವ ಹಾಲು ತಂದವಳು ಬಾಗಿಲಲ್ಲೇ ನಿಂತು ನೋಡಿದಳು. ಮಗ ಒಂದು ಕೆಲಸ ನೆಟ್ಟಗೆ ಮಾಡುತ್ತಿದ್ದ! ಕಣ್ಣು ಒರೆಸಿಕೊಂಡು ಹಿತ್ತಲಿಗೆ ಪಾತ್ರೆ ತೊಳೆಯಲು ಹೋದಳು.

ಆಗ ಫೋನು ಬಂತು.

ಗುಂಯ್ ನಿಂತು ಟ್ರಿಂಗ್ ಟ್ರಿಂಗ್ ಶುರುವಾಯಿತು. ಹಿತ್ತಲಿನ ಪಾತ್ರೆಗಳ ಸದ್ದಿನಲ್ಲಿ ಫಕೀರವ್ವನಿಗೆ ಅದು ಕೇಳಲಿಲ್ಲ. ದ್ಯಾಮಣ್ಣ ಕೈ ಕಟ್ಟಿ ಕೂತ. ಅದು ಒದರಿತು, ನಿಂತಿತು. ಮತ್ತೆ ಒದರಿತು, ನಿಂತಿತು. ಮೂರನೆಯ ಸಲ ಒದರಿದಾಗ ದೊಡ್ಡದೊಂದು ಹನಿ ಬಿತ್ತು. "ಶಾಬ್ಬಾಸ್!" ಅಂದ ದ್ಯಾಮಣ್ಣ.

ಫಕೀರವ್ವ ಬಂದು ಕೇಳಿದಳು: "ಯಾರರ ಫೋನ್ ಮಾಡಿದ್ರೇನೋ?"

"ಮೂರು ಸಲ ಮಾಡಿದ್ರು! ಭಾಳ ನೀರು ಬಂತಬೇ!"

ಆಕೆ ನಂಬರು ನೋಡಿದಳು. ಶಿವಪುತ್ರಪ್ಪನದೇ. ತಿರುಗಿ ಹಚ್ಚಿದಳು, ಆ ಕಡೆ ಎತ್ತಲಿಲ್ಲ. ಮತ್ತೆ ಹಚ್ಚಿದಳು, ಎತ್ತಲಿಲ್ಲ.

"ಮುಗೀತು! ಹನ್ನೆರಡನೇದೂ ಹೋತು! ಫೋನು ಒದರಿದ್ರ ಎತ್ತಿ ಕಿವಿಗೆ ಹಚ್ಚಬೇಕೋ, ಕಿವಿಗೆ!"

"ಕಿವಿಗೆ ಹಚ್ಚಬೇಕು. ಇನ್ನ ಮ್ಯಾಲ ಹಂಗ ಮಾಡ್ತೀನಬೇ."

ಆಕೆ ಸೆರಗು ಬಾಯಿಗೆ ಹಿಡಿದು ಕೂತಳು. ಒಂದು ತಾಸಿನ ಮೇಲೆ ಬಾಗಿಲಲ್ಲಿ ಕೆಮ್ಮು ಕೇಳಿತು. ನೋಡಿದರೆ, ಸಾಕ್ಷಾತ್ ಶಿವಪುತ್ರಪ್ಪ!

"ಫೋನ್ ಎತ್ತಲಿಲ್ಲ ನೀವು, ಬಸ್ ಹತ್ತಿ ನಾನ ಬಂದೆ ತಂಗೆವ್ವಾ" ಎಂದು ಕೂಗಿ ಹೇಳಿದ. "ಮುಂಜಾನೆ ಹಳ್ಳದಾಗ ಮುಳುಗು ಹಾಕಿದೆ, ಎರಡೂ ಕಿವಿಗೆ ನೀರು ಹೊಕ್ಕೈತಿ. ಯಾರು ಏನಂದ್ರೂ ಗುಳುಗುಳು ಅಂತೈತಿ!"

"ನನ್ನ ಮಗ ಬಂಗಾರದಂಥಾವ ಅಣ್ಣಾರ!" ಎಂದು ಫಕೀರವ್ವ ಒದರಿದಳು.

"ಆಂ?"

"ಬಂಗಾರ!"

"ಬಂಗಾರದ ಮಾತು ಬ್ಯಾಡ, ನಮಗ ಹುಡುಗ ಒಪ್ಪಿಗ್ಯಾಗ್ಯಾನ. ಸಕ್ಕರಿ ತಾ, ಬಾಯಿ ಸೀ ಮಾಡೋಣು. ಅಲ್ಲಿಗೆ ಮಾತು ಗಟ್ಟಿ."

ಫಕೀರವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಕ್ಕರೆಗೆ ಒಳಗೆ ಓಡುತ್ತ ಮಗನ ಕಿವಿಯಲ್ಲಿ ಹೇಳಿದಳು: "ಅವರನ್ನ ಚೆಂದಾಗಿ ನೋಡಕೋ. ಬಾಯಿ ಮಾತ್ರ ತೆರೀಬ್ಯಾಡ!"

ದ್ಯಾಮಣ್ಣ ಬಾಯಿ ತೆರೆಯಲಿಲ್ಲ. ಮುದುಕನನ್ನು ನೋಡಿದ. ನೀರು ಹೊಕ್ಕಿದೆ. ಗುಳುಗುಳು ಅನ್ನುತ್ತಿದೆ. ಕೌದಿ ಅಲ್ಲೇ ಇದೆ. ಗಿರಣಿಯಲ್ಲಿ ಹತ್ತಿ ಮೂಟೆ ಎತ್ತುವ ಕೈ ಅವನದು. ಮಾವನನ್ನು ಒಂದೇ ಸಲಕ್ಕೆ ಎತ್ತಿ, ಕೌದಿಯ ಮೇಲೆ ಮಗ್ಗುಲಾಗಿ, ಒಂದು ಕಿವಿ ಕೆಳಗೆ ಮಾಡಿ ಮಲಗಿಸಿದ. ಮೇಲಿನ ಕಿವಿಗೆ ಫೋನು ಹಚ್ಚಿದ. ಸದ್ದು ಪೂರಾ ಏರಿಸಿದ.

ಗುಂಯ್!

"ಅಯ್ಯಯ್ಯೋ ಬಿಡೋ! ಸತ್ತೆನೋ!" ಎಂದು ಶಿವಪುತ್ರಪ್ಪ ಒದರಿದ. ಎಷ್ಟು ಒದರಿದರೂ ನಿಲ್ಲಿಸಬಾರದು. ದ್ಯಾಮಣ್ಣ ನಿಲ್ಲಿಸಲಿಲ್ಲ.

ಸಕ್ಕರೆ ಬಟ್ಟಲು ಹಿಡಿದು ಬಂದ ಫಕೀರವ್ವ ಬಾಗಿಲಲ್ಲೇ ಕಲ್ಲಾದಳು. ಅದೇ ಗಳಿಗೆಗೆ ಕೆಳಗಿನ ಕಿವಿಯಿಂದ ತೊಟಕ್ ಎಂದು ನೀರು ಕೌದಿಗೆ ಬಿತ್ತು. ಆಕೆಗೆ ಅದು ಕಾಣಲಿಲ್ಲ. ಆಕೆಯ ಬಾಯಿ ಬಿಚ್ಚಿಕೊಂಡಿತ್ತು.

"ಪೆದ್ದಾ! ಪೆದ್ದಾ! ಹುಟ್ಟಿದಾಗಿಂದ ಒಂದ ಕೆಲಸ ನೆಟ್ಟಗ ಮಾಡಿಲ್ಲಲ್ಲೋ! ಫೋನು ಗಡಿಗ್ಯಾಗ ಹಾಕಿದಿ! ಹಾಲು ಬೀದ್ಯಾಗ ಚೆಲ್ಲಿದಿ! ಹಂಚಿನ ಮ್ಯಾಲ ಫೋನಿಟ್ಟು ಕಡ್ಡಿ ಗೀರಿದಿ! ಹನ್ನೊಂದು ಮನ್ಯಾವರು ಸುಮ್ಮನ ಒಲ್ಲೆ ಅಂದ್ರೇನೋ? ಈ ಮುದುಕ ಒಬ್ಬ ಏನೂ ತಿಳೀದ ಒಪ್ಪಿದ್ದ, ಅವನನ್ನೂ ಕೊಂದೆಲ್ಲೋ!"

ದ್ಯಾಮಣ್ಣ ಫೋನು ತೆಗೆದ. ಶಿವಪುತ್ರಪ್ಪ ಎದ್ದು ಕೂತ. ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿದ. ರುಮಾಲು ಸರಿಮಾಡಿಕೊಂಡ. ಮೆಲ್ಲಗೆ, ಒಂಚೂರೂ ಕೂಗದೆ, ಹೇಳಿದ:

"ತಂಗೆವ್ವಾ, ಈಗ ಎಲ್ಲಾ ನಿಚ್ಚಳ ಕೇಳಿಸಿತು."

ಚಪ್ಪಲಿ ಮೆಟ್ಟಿ ಹೊರಬಿದ್ದ. ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದ. ತಿರುಗಿ ನೋಡಿದ. ನಡಿಗೆ ಬಿಟ್ಟು ಓಡತೊಡಗಿದ.

ಯಾಕೆಂದರೆ ಹಿಂದೆ ದ್ಯಾಮಣ್ಣ ಬರುತ್ತಿದ್ದ, ಹೆಗಲ ಮೇಲೆ ಕೌದಿ, ಕೈಯಲ್ಲಿ ಫೋನು, ಫೋನಿನಲ್ಲಿ ಗುಂಯ್.

"ಮಾವಾ! ನಿಲ್ಲು ಮಾವಾ! ಇನ್ನೊಂದು ಕಿವಿ ಉಳದೈತಿ!"