ಹುಳಿ ಮಜ್ಜಿಗೆಯ ಘಮ

ಸಾವಂತ್ರಕ್ಕನ ಹಿತ್ತಿಲ ಕರಿಬೇವಿನ ಗಿಡ ಸೊರಗಿತ್ತು. ಬೇಗ ಚಿಗುರಲಿ ಎಂದು ಅವಳು ಎರಡು ಹಿಡಿ ಅಂಗಡಿ ಗೊಬ್ಬರ ಸುರಿದದ್ದಕ್ಕೆ ಎಲೆತುದಿಗಳೆಲ್ಲ ಸುಟ್ಟಿದ್ದವು. ಒಂದು ಬೆಳಿಗ್ಗೆ ಅವಳು ಮೂರು ದಿನದ ಹುಳಿ ಮಜ್ಜಿಗೆಯ ಚೆಂಬು ಹಿಡಿದು ಬಂದಳು.

ಕಿಟಕಿಯಲ್ಲಿದ್ದ ಗೊಬ್ಬರದ ಡಬ್ಬಿ ಗಿಡವನ್ನು ನೋಡಿ ನಕ್ಕಿತು. "ಮನೆಮಂದಿಯ ಬಾಯಿಗೇ ಬೇಡವಾದದ್ದು ನಿನಗೇಕೆ? ನನ್ನೊಳಗೆ ಏನೇನಿದೆ ಎಂದು ಮೈತುಂಬ ಅಚ್ಚು ಹಾಕಿದ್ದಾರೆ, ನೋಡು."

"ಹೇಳಿಕೊಳ್ಳಲು ನನಗೇನೂ ಇಲ್ಲ," ಎಂದಿತು ಮಜ್ಜಿಗೆ, ಮೆಲ್ಲಗೆ. "ಬಚ್ಚಲಿಗೆ ಚೆಲ್ಲದಿದ್ದರೆ ಸಾಕು."

ಗಿಡ ತನ್ನ ಸುಟ್ಟ ಎಲೆಗಳನ್ನೊಮ್ಮೆ ನೋಡಿಕೊಂಡಿತು. "ನೀನು ಬಾ," ಎಂದಿತು.

ಸಾವಂತ್ರಕ್ಕ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹೊಯ್ದಳು. ವಾರವಾರವೂ ಹೊಯ್ದಳು. ಮಳೆಗಾಲದ ಹೊತ್ತಿಗೆ ಗಿಡ ಕಪ್ಪುಹಸಿರಾಗಿ ಚಿಗುರಿ ನಿಂತಿತು. ಅವಳು ಒಂದು ಎಸಳು ಕಿತ್ತು, ಸಾಸಿವೆಯ ಜೊತೆ ಸಿಡಿಸಿ, ಆಗತಾನೇ ಕಡೆದ ಮಜ್ಜಿಗೆಗೆ ಒಗ್ಗರಣೆ ಹಾಕಿದಳು.

"ಆಹಾ, ನನ್ನದೆಂಥ ಘಮ!" ಎಂದು ಹೊಸ ಮಜ್ಜಿಗೆ ಬೀಗಿತು. "ಹಿತ್ತಿಲಿಗೆ ಚೆಲ್ಲಿದರಲ್ಲ, ಆ ಹುಳಿಮೋರೆಯವಳಂತಲ್ಲ ನಾನು."

"ಮೆಲ್ಲಗೆ ಮಾತಾಡು," ಎಂದಿತು ಮೇಲೆ ತೇಲುತ್ತಿದ್ದ ಕರಿಬೇವು. "ಈ ಘಮ ಆ ಹುಳಿಮೋರೆಯವಳು ಬಿಟ್ಟುಹೋದದ್ದು."